ಕೋಣೆಯಿಲ್ಲದೆ ಆನ್‌ಲೈನ್ ಚಿಕಿತ್ಸೆಯೇ?

ಹದಿಹರೆಯದವರು ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವುದು ಮಹಾನಗರದ ಶ್ರೀಮಂತರ ಮಕ್ಕಳ ಸಮಸ್ಯೆಯೆಂಬ ಭಾವನೆ ನಮ್ಮಲ್ಲಿದೆ. ತಾಳಲಾರದ ಸಂಕಟವನ್ನು ಕ್ಷಣಕಾಲ ತಗ್ಗಿಸಿಕೊಳ್ಳುವ ಈ ದಾರಿಗೆ ಊರು, ವರಮಾನಗಳ ಭೇದವಿಲ್ಲ. ಭೇದವಿರುವುದು ಚಿಕಿತ್ಸೆಯಲ್ಲಿ. ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೇ ಸುಮಾರು 80 ಕಿ.ಮೀ.; ಜಿಲ್ಲಾಸ್ಪತ್ರೆಯಿರುವ ಚಾಮರಾಜನಗರ ಇನ್ನೂ ಆಚೆ. ಕೂಲಿ ಬಿಟ್ಟು ವಾರವಾರವೂ ಮಗಳನ್ನು ಕರೆದೊಯ್ಯುವುದು ಯಾರಿಂದಾದೀತು?

ಆದ್ದರಿಂದ ಆನ್‌ಲೈನ್ ಚಿಕಿತ್ಸೆಯನ್ನು ಹಗುರವಾಗಿ ಕಾಣಲಾಗದು. ಸ್ವೀಡನ್ನಿನಲ್ಲಿ 13ರಿಂದ 17 ವರ್ಷದ 166 ಮಕ್ಕಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಡಿಕೆಯ ಚಿಕಿತ್ಸೆಯೊಂದಿಗೆ ಇದನ್ನೂ ಪಡೆದವರಲ್ಲಿ ಗಾಯ ಮಾಡಿಕೊಳ್ಳುವುದು ಶೇ 82ರಷ್ಟು ಇಳಿಯಿತು. ಉಳಿದವರಲ್ಲಿ ಇಳಿದದ್ದು ಶೇ 47. ಅಲ್ಲಿ ತಂದೆತಾಯಿಯರಿಗೂ ಪ್ರತ್ಯೇಕ ಪಾಠಗಳಿದ್ದವೆಂಬುದನ್ನು ಮರೆಯಬಾರದು.

ನಮ್ಮಲ್ಲಿ 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ (14416) ಇದೆ. ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಆದರೆ ಎಷ್ಟೋ ಮನೆಗಳಲ್ಲಿರುವುದು ಒಂದೇ ಸ್ಮಾರ್ಟ್‌ಫೋನು, ಅದೂ ಅಣ್ಣನ ಜೇಬಿನಲ್ಲಿ. ಹನೂರಿನ ಕಾಡಂಚಿನ ಊರುಗಳಲ್ಲಿ, ಯಳಂದೂರು ಭಾಗದ ಸೋಲಿಗರ ಪೋಡುಗಳಲ್ಲಿ ಸಿಗ್ನಲ್ಲಿಗಾಗಿ ದಿಬ್ಬ ಹುಡುಕಬೇಕು. ದಿಬ್ಬದ ಮೇಲೆ ನಿಂತು ಕೂಗಿ ಹೇಳುವ ಮಾತೇ ಇದು? ಸಾಲದ್ದಕ್ಕೆ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅಪ್ರಾಪ್ತರು ವೈದ್ಯರೊಡನೆ ಮಾತನಾಡುವಾಗ ವಯಸ್ಕರೊಬ್ಬರು ಜೊತೆಗಿರಬೇಕು. ಮಗು ತೋಳು ಮುಚ್ಚಿಕೊಳ್ಳುವುದು ಬಹುಮಟ್ಟಿಗೆ ಮನೆಯ ಹಿರಿಯರಿಂದಲೇ! ಅವರು ಬೈಯದೆ ಕೇಳುವುದನ್ನು ಮೊದಲು ಕಲಿಯಬೇಕು.

ಮೂರೂ ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಕಡಿದುಹೋಗದ ಇಂಟರ್ನೆಟ್, ಗುಟ್ಟು ಕಾಯಬಲ್ಲ ತರಬೇತಾದ ಶುಶ್ರೂಷಕಿ, ಇಷ್ಟನ್ನು ಒದಗಿಸುವುದು ಆರೋಗ್ಯ ಇಲಾಖೆಗೆ ಅಸಾಧ್ಯವೇನಲ್ಲ. ಪ್ರೌಢಶಾಲೆಯ ಶಿಕ್ಷಕರು ಮಗುವನ್ನು ಆ ಬಾಗಿಲಿನವರೆಗೆ ಕರೆತಂದರೆ ಸಾಕು.