ನಾಚಿಕೆಯೇ ಇವರ ಬಂಡವಾಳ!

ಬಿಳಿ ಹೋಗುವುದು, ಮೀನಿನಂಥ ವಾಸನೆ ಮತ್ತೆ ಮತ್ತೆ ಮರಳಿದರೆ ಅದು ಕೊಳಕುತನವಲ್ಲ, ನಡತೆಗೆಟ್ಟದ್ದಕ್ಕೆ ಶಿಕ್ಷೆಯೂ ಅಲ್ಲ! ಯೋನಿಯನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಜೀವಾಣುಗಳು ಕುಸಿದಾಗ ಬರುವ ಕಾಯಿಲೆ ಅದಾಗಿರಬಹುದು. ಡಾಕ್ಟರ ಬಳಿ ಬಾಯಿಬಿಡಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ; ಆ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡು 'ಪ್ರೊಬಯಾಟಿಕ್' ಹೆಸರಲ್ಲಿ ಕಂಡಕಂಡ ಮಾತ್ರೆ ಮಾರುತ್ತಾರೆ. ಕೇಳಿ ಇವರನ್ನು: ಯಾವ ತಳಿ? ಯಾವ ಪ್ರಯೋಗ?

2020ರಲ್ಲಿ ಪ್ರಕಟವಾದ ಅಮೆರಿಕದ 228 ಮಹಿಳೆಯರ ಪ್ರಯೋಗದಲ್ಲಿ ಗೆದ್ದದ್ದು ನುಂಗುವ ಮಾತ್ರೆಯಲ್ಲ. ಮೆಟ್ರೊನಿಡಜೋಲ್ ಚಿಕಿತ್ಸೆಯ ನಂತರ ಯೋನಿಯೊಳಗೇ ಹಾಕಿದ ಕ್ರಿಸ್ಪೇಟಸ್ ತಳಿ. 12 ವಾರದೊಳಗೆ ಕಾಯಿಲೆ ಮರಳಿದ್ದು ನೂರಕ್ಕೆ 30 ಮಂದಿಗೆ, ಹುಸಿಮದ್ದಿನವರಲ್ಲಿ 45. ಪವಾಡವಲ್ಲ, ಪುರಾವೆ!

ಗೆಳತಿಯರೇ, ಮೊದಲು ಪರೀಕ್ಷೆ, ಆಮೇಲೆ ಮದ್ದು. ತಳಿಯ ಹೆಸರನ್ನೇ ಹೇಳಲಾಗದವನ ಡಬ್ಬಿ ಅಂಗಡಿಯಲ್ಲೇ ಕೊಳೆಯಲಿ!