ಸೋಲಿಗರ ಎಲ್ಲೆ

ನಮಗೆ ಎಲ್ಲೆ ಎಂದರೆ ಗಡಿ, ದಾಟಬಾರದ ಗೆರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಯಲ್ಲಿ ಅದೇ ಮಾತು ಮನೆಯಾಗುತ್ತದೆ. ಒಂದು ಕುಲದ ಹಿರಿಯರು ಬಾಳಿ ಮಣ್ಣಾದ ಕಾಡು ಆ ಕುಲದ ಎಲ್ಲೆ. ಅದರೊಳಗೆ ದೇವರಿಗೊಂದು ಜಾಗ, ಮಾರಮ್ಮನಿಗೊಂದು, ವೀರುವಿಗೊಂದು. ಜೊತೆಗೆ ನೀರಿನ ಅಬ್ಬಿ, ಸತ್ತವರಿಗೆ ಕಲ್ಲಿಡುವ ಕಲ್ಲುಗುಡಿ.

1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಒಳಗಿದ್ದ ಪೋಡುಗಳು, ಎಂದರೆ ಸೋಲಿಗರ ಹಾಡಿಗಳು, ರಸ್ತೆಬದಿಗೆ ಬಂದವು. ಕಾಡಿನಲ್ಲಿ ರಾಗಿ ಚೆಲ್ಲುವುದು ನಿಂತಿತು, ತರಗುಬೆಂಕಿಯೂ ನಿಂತಿತು. ಬಿರುಬೇಸಿಗೆಗೆ ಮುನ್ನ, ನೆಲದ ತರಗೆಲೆಯಷ್ಟೇ ಸುಡುವಂತೆ ಹಚ್ಚುತ್ತಿದ್ದ ತೆಳುಬೆಂಕಿ ಅದು. ನೆಲ್ಲಿಮರ ಹಿಂಡುವ ಉಪ್ಪಿಲು ಎಂಬ ಬಂದಳಿಕೆ ಅದರ ಹೊಗೆಗೆ, ಕಾವಿಗೆ ಅಡಗುತ್ತಿತ್ತು ಎನ್ನುತ್ತಾರೆ ಹಿರಿಯರು. ಬೆಂಕಿ ನಿಂತ ಮೇಲೆ ಉಪ್ಪಿಲು ಮರವೇರಿತು, ಲಂಟಾನ ಹಾದಿ ಮುಚ್ಚಿತು. ಜೇನು ಕೀಳುವಾಗ ಹುಲಿಯ ಪಾಲೆಂದು ನೆಲದ ಮೇಲೆ ಒಂದಿಷ್ಟು ಬಿಟ್ಟುಬರುವ ಜನರಿಂದ ಕಾಡಿಗೆ ಕೇಡೆಂದು ನಾವು ಹೇಗಾದರೂ ನಂಬಿದೆವೋ!

ಈ ಕತೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ನನ್ನ ಸಂತೋಷ. ಮುದುಕರು ಮುಂದೆ, ಜಿಪಿಎಸ್ ಹಿಡಿದ ಹುಡುಗರು ಹಿಂದೆ, ಸಂಶೋಧಕರೂ ಜೊತೆಯಾಗಿ ಕಾಡು ನಡೆದು ಎಲ್ಲೆಗಳ 400ಕ್ಕೂ ಹೆಚ್ಚು ತಾಣ ಗುರುತಿಸಿದರು. ತಾತ ಹೇಳುತ್ತಿದ್ದ ಹೆಸರಿನ ಬಂಡೆಯ ಮುಂದೆ ಮೊಮ್ಮಗ ಮೊದಲ ಸಲ ನಿಂತ. ಹುಲಿ ಮೀಸಲು ಘೋಷಣೆಯಾದ 2011ರಲ್ಲೇ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದಕ್ಕಿತು. ದೇಶದ ಹುಲಿ ಮೀಸಲುಗಳಲ್ಲಿ ಅದೇ ಮೊದಲು.

ಸೋಲಿಗರ ಹಾಡುಕುಣಿತ ಗೊರುಕಾನವನ್ನು ನಾವೆಲ್ಲ ವೇದಿಕೆಯ ಮೇಲೆ ಹತ್ತು ನಿಮಿಷ ನೋಡಿ ಚಪ್ಪಾಳೆ ತಟ್ಟಿದವರೇ. ಆ ಹಾಡಿನ ಮರ, ಹಕ್ಕಿ, ಮಿಗಗಳೆಲ್ಲ ಈ ಬೆಟ್ಟದವು. ಅವನ್ನು ಕಾಣದ ಮಗು ಪದ ಕಲಿತೀತು, ಹಾಡು ಹೇಗೆ ಕಲಿತೀತು? ಭಾರ್ಗವಿ ಹೊಳೆಯ ಬದಿಯ ದೊಡ್ಡಸಂಪಿಗೆಯ ಕೆಳಗೆ ನಿಲ್ಲಬೇಕು. ಗಂಟುಗಂಟಾದ ಬುಡ, ಅದರಡಿ ಲಿಂಗಗಳಂತೆ ಸಾಲುನಿಂತ ಕಲ್ಲುಗಳು, ಪಾಚಿಯ ತಂಪು. ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಈ ಸಂಚಿಕೆಯಲ್ಲಿ ಬೆಟ್ಟದ ಬಗ್ಗೆ ಬರೆಯುವ ಕೆಲಸವನ್ನು ಪೋಡಿನವರಿಗೇ ಬಿಟ್ಟಿದ್ದೇವೆ. ಜಾಗಗಳ ಹೆಸರನ್ನು ಅವರು ಕರೆಯುವಂತೆಯೇ ಅಚ್ಚುಹಾಕಿದ್ದೇವೆ, ಒಂದನ್ನೂ ತಿದ್ದಿಲ್ಲ.