ಲಸಿಕೆ ಬರುವವರೆಗೆ ಬೇಳೆಯೂ ಮಾತ್ರೆಯೂ ಮನೆ ಮುಟ್ಟಲಿ

ಬಾಗಲಕೋಟೆ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕ್ಷಯರೋಗಿಗಳ ಮನೆಮಂದಿಗಾಗಿ ಈ ಪತ್ರ. ರೋಗಿಗೆ ಔಷಧಿ ಉಚಿತ. 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯೂ ಇದೆ. ಆದರೆ ಅದೇ ಸೂರಿನಡಿ ಅದೇ ಗಾಳಿ ಉಸಿರಾಡುವ ಹೆಂಡತಿ, ಮಕ್ಕಳು, ಹಿರಿಯರ ಆಹಾರ ಕಿಟ್ ನಿಕ್ಷಯ್ ಮಿತ್ರ ಯೋಜನೆಯ ದಾನಿಗಳನ್ನೇ ನೆಚ್ಚಿಕೊಂಡಿದೆ. ಈ ಮನೆಮಂದಿಗೂ ಆರು ತಿಂಗಳ ಆಹಾರ ಮತ್ತು ರೋಗತಡೆ ಮಾತ್ರೆಯ ಹೊಣೆಯನ್ನು ಜಿಲ್ಲಾಡಳಿತ ಹೊರಬೇಕು.

ಬಿಸಿಜಿ ಲಸಿಕೆ ಇದೆಯಲ್ಲ ಎಂದು ಕೇಳಬಹುದು. 1921ರಿಂದ ಬಳಕೆಯಲ್ಲಿರುವ ಅದು ಎಳೆಯ ಮಕ್ಕಳನ್ನು ಮಿದುಳಿನ ಕ್ಷಯದಿಂದ ಕಾಪಾಡುತ್ತದೆ, ಅದನ್ನು ಬಿಡಬಾರದು. ಆದರೆ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬೃಹತ್ ಪ್ರಯೋಗದಲ್ಲಿ ಹದಿನೈದು ವರ್ಷ ಕಾದು ನೋಡಿದರೂ ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ಅದರಿಂದ ರಕ್ಷಣೆ ಕಾಣಲಿಲ್ಲ. ರೋಗ ಹರಡುವುದು ಮುಖ್ಯವಾಗಿ ಕೆಮ್ಮುವ ವಯಸ್ಕರಿಂದಲೇ. ಹೊಸ ಲಸಿಕೆ ಮಾಡುವುದೂ ಸುಲಭವಲ್ಲ. ತನ್ನನ್ನು ನುಂಗಿ ಕೊಲ್ಲಬೇಕಾದ ರಕ್ಷಕ ಕಣದೊಳಗೇ ಈ ರೋಗಾಣು ಬೀಡುಬಿಡುತ್ತದೆ. ಒಮ್ಮೆ ಕ್ಷಯ ಬಂದು ವಾಸಿಯಾದವರಿಗೂ ಅದು ಮತ್ತೆ ಅಂಟಬಹುದು. ಯಾರಿಗೆ ರಕ್ಷಣೆ ಸಿಕ್ಕಿದೆ ಎಂದು ಖಚಿತವಾಗಿ ತಿಳಿಸುವ ರಕ್ತಪರೀಕ್ಷೆಯೂ ಇಲ್ಲದ್ದರಿಂದ ಪ್ರತಿ ಹೊಸ ಲಸಿಕೆಯನ್ನೂ ಸಾವಿರಾರು ಜನರಿಗೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು. 2013ರಲ್ಲಿ ಎಂವಿಎ85ಎ ಎಂಬ ಲಸಿಕೆ ಹೀಗೆಯೇ ಸೋತಿತು. ಸೋಂಕಿದ್ದೂ ರೋಗ ಬಾರದ ವಯಸ್ಕರಲ್ಲಿ ಸುಮಾರು ಶೇ. 50ರಷ್ಟು ರಕ್ಷಣೆ ತೋರಿಸಿದ ಎಂ72 ಲಸಿಕೆಯ ದೊಡ್ಡ ಪ್ರಯೋಗ 2024ರಲ್ಲಷ್ಟೇ ಶುರುವಾಗಿದೆ. ಅದು ಗೆಲ್ಲಲಿ. ಗೆದ್ದರೂ ನಮ್ಮ ಹಳ್ಳಿಗಳಿಗೆ ತಲುಪುವಷ್ಟರಲ್ಲಿ ಇನ್ನೆಷ್ಟೋ ಮನೆಗಳಿಗೆ ರೋಗ ಹೊಕ್ಕಿರುತ್ತದೆ.

ಕಾಯುತ್ತ ಕೈಕಟ್ಟಿ ಕೂರಬೇಕಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ‘ರೇಷನ್ಸ್’ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ರೋಗಿಯ ಮನೆಯ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟದ್ದರಿಂದ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತು, ಹರಡಬಲ್ಲ ಶ್ವಾಸಕೋಶದ ಕ್ಷಯ ಶೇ. 48ರಷ್ಟು. ಹೊಟ್ಟೆ ತುಂಬಿದ ಮೈ ರೋಗಾಣುವನ್ನು ಹಿಡಿದಿಡುತ್ತದೆ. ಅದು ಜಾರ್ಖಂಡಿನ ಮಾತು, ನಮ್ಮಲ್ಲಿ ಅಷ್ಟು ಬಡತನವಿಲ್ಲ ಎನ್ನುವವರೂ ಇದ್ದಾರೆ. ನೂಲು ಹರಿಯದಿರಲೆಂದು ಕಿಟಕಿ ಮುಚ್ಚಿದ ಬನಹಟ್ಟಿಯ ಮಗ್ಗದ ಮನೆಯನ್ನೂ ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲನ್ನೂ ಅವರು ನೋಡಲಿ. ಬಡತನವೊಂದೇ ಅಲ್ಲ, ಇದೇ ಜಿಲ್ಲೆಯಲ್ಲಿ 2003ರ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡಿತ್ತು. ಕ್ಷಯವನ್ನು ತಡೆಯುವ ಕಣಗಳನ್ನೇ ಎಚ್‌ಐವಿ ನಾಶ ಮಾಡುತ್ತದೆ.

ದುಡ್ಡೆಲ್ಲಿ ಎಂಬ ಪ್ರಶ್ನೆಗೂ ಉತ್ತರವಿದೆ. ಸುಣ್ಣಕಲ್ಲು ಗಣಿಗಳ ಮುಧೋಳ ಭಾಗಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವಿದೆ; ಆರೋಗ್ಯ ಅದರ ಆದ್ಯತೆಯ ಬಾಬತ್ತು. ಉಳಿದೆಡೆ ಸಕ್ಕರೆ ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು ಕೇಳಬಹುದು. ಆಶಾ ಕಾರ್ಯಕರ್ತೆಯರು ಹೇಗೂ ರೋಗಿಯ ಮನೆಗೆ ಹೋಗುತ್ತಾರೆ. ಆಗಲೇ ಮನೆಯವರೆಲ್ಲರ ತೂಕ ನೋಡಿ, ಕಫ ಮತ್ತು ಎಕ್ಸ್‌ರೇ ತಪಾಸಣೆಗೆ ಕಳಿಸಿ, ರೋಗವಿಲ್ಲದವರಿಗೆ ತಡೆ ಮಾತ್ರೆ ಆರಂಭಿಸುವಂತಾಗಲಿ. ಬರುವ ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ಈ ನಾಲ್ಕು ತಾಲ್ಲೂಕುಗಳಲ್ಲಿ ಇದನ್ನು ಆರಂಭಿಸಲು ಆದೇಶಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಈ ಜಿಲ್ಲೆಯ ಒಬ್ಬ ನಾಗರಿಕ